ಅಪಹರಣ ಕೇಸಲ್ಲಿ ಮಹಜರು ಸಾಕ್ಷಿ ಹೇಳೋಕೆ ಹೋಗಬೇಕಾ?

ರಾಜ್‌ಕುಮಾರ್ ಅಪಹರಣದ ಕೇಸಲ್ಲೇ ಎಲ್ಲರೂ ಖುಲಾಸೆ ಆದರು, ಹನ್ನೊಂದು ವರ್ಷದ ಹಿಂದಿನ ಮಹಜರಿಗೆ (ಸ್ಥಳದಲ್ಲಿ ಸಿಕ್ಕಿದ್ದನ್ನು ಪೊಲೀಸರು ಸಾಕ್ಷಿಗಳ ಮುಂದೆ ಬರೆದಿಡೋ ದಾಖಲೆ) ನಾನು ಹೋಗಿ ಏನು ಪ್ರಯೋಜನ ಅಂತ ಕೇಳಿದ್ದೀರಿ. ನಾನೂ ಇಂಥದ್ದೇ ಇನ್ನೊಂದು ಕೇಸಲ್ಲಿ ಕಟಕಟೆ ಹತ್ತಿದವನೇ.

ಆಗ ಮಂಡ್ಯದ ನೂರಡಿ ರಸ್ತೆ ಕಡೆ ನನ್ನದೊಂದು ಪಂಚರ್ ಅಂಗಡಿ ಇತ್ತು. ಒಂದು ಸಂಜೆ ಇಬ್ಬರು ಪೊಲೀಸರು ಬಂದು, "ಅಣ್ಣ, ಪಂಚರು ಬೇಕಿತ್ತು, ಬನ್ನಿ" ಅಂದರು. ಜೀಪು ಪಂಚರ್ ಆಗಿರಬೇಕು ಅಂತ ನಾನು ಪಂಪು ಎತ್ತಿಕೊಂಡು ಹೊರಟೆ! ಪಂಚರು ಅಂದರೆ ಮಹಜರಿಗೆ ಸಾಕ್ಷಿ ನಿಲ್ಲೋರು ಅಂತ ಆಮೇಲೆ ಗೊತ್ತಾಯ್ತು. ಅವರು ಕರೆದುಕೊಂಡು ಹೋಗಿದ್ದು ಕಬ್ಬಿನ ಗದ್ದೆ ನಡುವೆ ಮುಚ್ಚಿಹೋಗಿದ್ದ ಒಂದು ಆಲೆಮನೆಗೆ. ವ್ಯಾಪಾರಿಯೊಬ್ಬರ ಮಗನನ್ನು ಎರಡು ದಿನ ಅಲ್ಲಿ ಕೂಡಿಹಾಕಿದ್ದರಂತೆ. ಕೊಪ್ಪರಿಗೆ ಪಕ್ಕ ನೀಲಿ ಹಗ್ಗ, ಒಂದು ಟವೆಲ್, ಅರ್ಧ ತಿಂದ ಬನ್ನು. ಬನ್ನಿಗೆ ಇರುವೆ ಮುತ್ತಿತ್ತು.

ಕತ್ತಲಾಯ್ತು, ನಾಳೆ ಸ್ಟೇಷನ್‌ಗೇ ಬಂದು ಸೈನ್ ಹಾಕಿ ಅಂದರು. ಮಾರನೇ ದಿನ ಹೋದೆ. ಅಂಗಡಿಯಲ್ಲಿ ಗಿರಾಕಿ ಕಾಯುತ್ತಿದ್ದ. ನಾಲ್ಕು ಹಾಳೆ, ನಾಲ್ಕು ಸೈನ್. ಒಂದಕ್ಷರ ಓದಲಿಲ್ಲ.

ಐದು ವರ್ಷ ಆದ ಮೇಲೆ ಸಮನ್ಸ್ ಬಂತು. ಸರ್ಕಾರಿ ವಕೀಲರು ಹಾಳೆ ತೋರಿಸಿ ಸಹಿ ನಿಮ್ಮದಾ ಅಂದರು. ಹೌದು ಸ್ವಾಮಿ. ಸ್ಥಳದಲ್ಲೇ ಓದಿ ಸಹಿ ಹಾಕಿದಿರಾ? ಅದಕ್ಕೂ ಹೌದು ಅಂದುಬಿಟ್ಟೆ. ಪಾಟೀಸವಾಲಿಗೆ ಎದ್ದ ಆರೋಪಿಗಳ ವಕೀಲರು ಬಹಳ ಮೆತ್ತಗಿನ ಮನುಷ್ಯ.

"ಎಷ್ಟು ಗಂಟೆಗೆ ಹೋಗಿದ್ರಿ?"

"ಸಂಜೆ ಆರೂವರೆ."

ಮಹಜರಲ್ಲಿ ಇದ್ದದ್ದು ಬೆಳಿಗ್ಗೆ 10ರಿಂದ 11.

"ಸೈನ್ ಎಲ್ಲಿ ಹಾಕಿದ್ದು? ನಿಜ ಹೇಳಿ."

"ಸ್ಟೇಷನ್‌ನಲ್ಲಿ."

ಜಡ್ಜು ತಲೆ ಎತ್ತಿ ನೋಡಿದರು.

ಇಲ್ಲೊಂದು ವಿಷಯ. ನಾನು ನೋಡಿದ್ದು ಸುಳ್ಳಲ್ಲ. ಹಗ್ಗ ಇತ್ತು, ಟವೆಲ್ ಇತ್ತು. ಆ ಟವೆಲ್ಲನ್ನೇ ಹುಡುಗನ ಕಣ್ಣಿಗೆ ಕಟ್ಟಿದ್ದರು, ಹಾಗಾಗಿ ಅವನಿಗೆ ಯಾರ ಮುಖವೂ ಗೊತ್ತಿಲ್ಲ. ಇಡೀ ಕೇಸು ಆ ಜಪ್ತಿ ಮೇಲೇ ನಿಂತಿತ್ತು. ಟೈಮು ತಪ್ಪು ಬರೆದವರು ಬೇರೆಯವರು, ಸರಿ. ಆದರೆ ಓದಿದ್ದರೆ, "ಸಾರ್, ನಾವು ಹೋಗಿದ್ದು ಸಂಜೆ ಅಲ್ವಾ" ಅಂತ ಆಗಲೇ ತಿದ್ದಿಸಬಹುದಿತ್ತು. ಓದದೇ ಇದ್ದದ್ದನ್ನು ಮುಚ್ಚೋಕೆ ಇನ್ನೊಂದು ಸುಳ್ಳು ಹೇಳಿದೆ ನೋಡಿ, ಅಲ್ಲಿಗೆ ಟವೆಲ್ಲೂ ಸುಳ್ಳಾಯ್ತು, ಹಗ್ಗವೂ ಸುಳ್ಳಾಯ್ತು. ಕೇಸು ಹಳೇ ಐಪಿಸಿಯ 364ಎ, ಅಂದರೆ ಒತ್ತೆಹಣಕ್ಕೆ ಅಪಹರಣ; ಅದಕ್ಕೆ ಜೀವಾವಧಿ ಇಲ್ಲವೇ ಗಲ್ಲು. ಅಷ್ಟು ದೊಡ್ಡ ಶಿಕ್ಷೆಯನ್ನು ನನ್ನಂಥವನ ಮಾತು ನಂಬಿ ಯಾರು ಕೊಡುತ್ತಾರೆ? ಆರೋಪಿಗಳು ಖುಲಾಸೆ. ಹುಡುಗನ ಅಪ್ಪ ವರಾಂಡದಲ್ಲಿ ಸಿಕ್ಕಿ, "ಊಟ ಮಾಡಿದ್ರಾ?" ಅಂದರು. ಬೈದಿದ್ದರೆ ಚೆನ್ನಾಗಿತ್ತು.

ಈಗ ಅಣ್ಣಾವ್ರ ಕೇಸು. 2000ದ ಜುಲೈ 30ರಂದು ವೀರಪ್ಪನ್ ಗಾಜನೂರಿನಿಂದ ಎತ್ತಿಕೊಂಡು ಹೋದ. ತಮಿಳುನಾಡು ವಿಮೋಚನೆ ಅಂತ ಬಂದೂಕು ಹಿಡಿದವರೂ ಅವನ ಜೊತೆಗಿದ್ದರು. ಕಾವೇರಿ ನೀರಿನಿಂದ ಹಿಡಿದು ಮೈಸೂರು ಜೈಲಿನ ಟಾಡಾ (ಭಯೋತ್ಪಾದನೆ ತಡೆ ಕಾಯ್ದೆ) ಕೈದಿಗಳವರೆಗೆ ಬೇಡಿಕೆ ಇಟ್ಟರು. 108 ದಿನ ಕಾಡಿನಲ್ಲಿ. ತಮಿಳುನಾಡಿನ ಗೋಬಿಚೆಟ್ಟಿಪಾಳ್ಯಂ ಕೋರ್ಟಿನ ತೀರ್ಪು ಬಂದದ್ದು 2018ರಲ್ಲಿ. ಅಷ್ಟೊತ್ತಿಗೆ ವೀರಪ್ಪನ್ ಸತ್ತು 14 ವರ್ಷ, ಅಣ್ಣಾವ್ರು ಹೋಗಿ 12 ವರ್ಷ. ಉಳಿದ 9 ಜನರ ಮೇಲಿನ ಆರೋಪ ರುಜುವಾಗಲಿಲ್ಲ. ಅಪಹರಣವೇ ನಡೆದಿಲ್ಲ ಅಂತ ಅದರ ಅರ್ಥ ಅಲ್ಲ, ಈ 9 ಜನರೇ ಮಾಡಿದರು ಅನ್ನೋಕೆ ಪುರಾವೆ ಸಾಲಲಿಲ್ಲ. ಪುರಾವೆ ಸಾಲದೆ ಬಿದ್ದ ಕೇಸು ತೋರಿಸಿ ನೀವು ಸಾಕ್ಷಿ ಹೇಳಲ್ಲ ಅಂತೀರಿ. ಉಲ್ಟಾ ಆಯ್ತಲ್ವಾ?

ಸುಮ್ನೆ ಹೋಗಿ. ಹೋಗದಿದ್ದರೆ ಹೇಗೂ ವಾರಂಟ್ ಬರುತ್ತೆ. ಒಂದು ಗಂಟೆ ಮುಂಚೆ ಹೋಗಿ, ಸರ್ಕಾರಿ ವಕೀಲರ ಹತ್ತಿರ ಮಹಜರು ಕೇಳಿ ಓದಿಕೊಳ್ಳಿ. ಬಾಯಿಪಾಠ ಬೇಡ. ತಪ್ಪು ಕಂಡರೆ ಅವರಿಗೆ ಆಗಲೇ ಹೇಳಿ. ಸ್ಟೇಷನ್‌ನಲ್ಲಿ ಸೈನ್ ಹಾಕಿದ್ದರೆ ಕೇಳಿದ ಮೊದಲನೇ ಸಲವೇ ಹಾಗೇ ಹೇಳಿ, ನನ್ನ ಥರ ಎರಡನೇ ಸಲಕ್ಕೆ ಕಾಯಬೇಡಿ. 2024ರ ಜುಲೈಯಿಂದ ಬಂದ ಹೊಸ ಕಾನೂನಲ್ಲಿ ಜಪ್ತಿಯನ್ನು ವಿಡಿಯೋ ಮಾಡಬೇಕು, ಆದರೆ ನಿಮ್ಮದು ಹಳೇ ಕೇಸು. ಹನ್ನೊಂದು ವರ್ಷದ ಕೈಬರಹ ಬೇರೆ, ಕನ್ನಡಕ ಮರೀಬೇಡಿ.