ಎಸಿ 18ಕ್ಕಿಟ್ಟರೂ ಮೇಲಿನ ಸರ್ವರ್ ಬಿಸಿಯಾಗುವುದಕ್ಕೆ ಪರಿಹಾರ
ರ‍್ಯಾಕಿನಲ್ಲಿ (ಸರ್ವರ್‌ಗಳನ್ನು ಒಂದರ ಮೇಲೊಂದು ಜೋಡಿಸುವ ಚೌಕಟ್ಟು) ಮೇಲಿನ ಸರ್ವರ್‌ಗಳು ಮಾತ್ರ ಕಾಯುತ್ತಿವೆ ಅಂದರೆ ಬಹುಶಃ ಎಸಿ ಸಾಲದ್ದಕ್ಕಲ್ಲ, ಹಿಂಬದಿಯ ಬಿಸಿಗಾಳಿ ಖಾಲಿ ಸ್ಲಾಟ್‌ಗಳಿಂದ ನುಸುಳಿ ಮತ್ತೆ ಮುಂದಕ್ಕೆ ಬರುತ್ತಿದೆ. ಸುಮ್ನೆ ಇನ್ನೊಂದು ಎಸಿಗೆ ದುಡ್ಡು ಹಾಕಬೇಡಿ. ಮೊದಲು ಖಾಲಿ ಸ್ಲಾಟ್‌ಗಳಿಗೆಲ್ಲ ಬ್ಲ್ಯಾಂಕಿಂಗ್ ಪ್ಯಾನಲ್ (ಖಾಲಿ ಜಾಗ ಮುಚ್ಚುವ ಪಟ್ಟಿ) ಹಾಕಿ, ಕೇಬಲ್ ತೂರಿಸಿದ ಸಂದುಗಳನ್ನೂ ಮುಚ್ಚಿ. ನೆಟ್‌ವರ್ಕ್ ಸ್ವಿಚ್‌ನ ಫ್ಯಾನ್ ಯಾವ ಕಡೆ ಊದುತ್ತದೆ ಅಂತ ಕೈ ಹಿಡಿದು ನೋಡಿ, ಪೋರ್ಟ್ ಹಿಂದೆ ಬರಲಿ ಅಂತ ತಿರುಗಿಸಿ ಕೂರಿಸಿದ್ದರೆ ಅದೇ ಬಿಸಿಗಾಳಿಯನ್ನು ಮುಂದಕ್ಕೆ ತಳ್ಳುತ್ತಿರಬಹುದು, ಫೋಟೋ ನೋಡದೆ ಖಚಿತವಾಗಿ ಹೇಳೋಕಾಗಲ್ಲ. ಒಂದು ದಿನ ಬಿಟ್ಟು ಸರ್ವರ್‌ಗಳ ಮುಂಭಾಗದಲ್ಲಿ ಮೇಲೆ, ನಡುವೆ, ಕೆಳಗೆ ಅಳೆಯಿರಿ. 27 ಡಿಗ್ರಿಯೊಳಗಿದ್ದರೆ ಸಾಕು. ಆಮೇಲೂ ಜಾಸ್ತಿಯಿದ್ದರೆ ಎರಡೂ ಪಿಡಿಯುಗಳ (ಸರ್ವರ್‌ಗಳಿಗೆ ಕರೆಂಟ್ ಹಂಚುವ ಪಟ್ಟಿಗಳ) ಕಿಲೋವ್ಯಾಟ್ ಕೂಡಿಸಿ. ಸರ್ವರ್ ಎಳೆದ ಕರೆಂಟೆಲ್ಲ ಬಿಸಿಯೇ ಆಗೋದು ಅಲ್ವಾ, ಒಂದು ಟನ್ ಎಸಿ ಸುಮಾರು 3.5 ಕಿಲೋವ್ಯಾಟ್ ಬಿಸಿಯನ್ನಷ್ಟೇ ಹೊರಹಾಕುತ್ತದೆ. ಆ ಮೊತ್ತ ಈಗಿನ ಎಸಿಯ ಸಾಮರ್ಥ್ಯ ಮೀರಿದರೆ ಮಾತ್ರ ಎರಡನೇ ಎಸಿ ತನ್ನಿ.