ಜಾತಿ ನೋಡಿ ಠಾಣೆಗೆ ಕರೆದೊಯ್ದರೆ ಮೊದಲು ಏನು ಮಾಡಬೇಕು?

ಅಲೆಮಾರಿ ಸಮುದಾಯದ ಕೂಲಿ ಹುಡುಗನನ್ನು "ಇವರ ಜಾತಿಯೇ ಅಂಥದ್ದು" ಅಂತ ಕಳ್ಳತನದ ಅನುಮಾನದಲ್ಲಿ ನಿನ್ನೆ ಸಂಜೆ ಠಾಣೆಗೆ ಕರೆದೊಯ್ದರು, "ಬರೀ ವಿಚಾರಣೆ" ಅನ್ನುತ್ತಾರೆ, ಇನ್ನೂ ಬಿಟ್ಟಿಲ್ಲ ಎಂದು ಕೇಳಿದ್ದೀರಿ.

ಆ "ಬರೀ ವಿಚಾರಣೆ"ಯನ್ನು ನಂಬಿ ಕೂರಬೇಡಿ. ವಿಚಾರಣೆಗೆ ಬಂದವನು ಎದ್ದು ಮನೆಗೆ ಹೋಗಬಹುದು. ಬಿಡುತ್ತಿಲ್ಲವೆಂದರೆ ಅದು ಬಂಧನವೇ ಎಂದು ನಾನು ವಾದಿಸುತ್ತೇನೆ. ಬಂಧಿಸಿದರೆ, ಪ್ರಯಾಣದ ಹೊತ್ತು ಬಿಟ್ಟು, 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟ್ ಮುಂದೆ ಹಾಜರುಪಡಿಸಲೇಬೇಕು: ಸಂವಿಧಾನದ 22ನೇ ವಿಧಿ, ಅಪರಾಧ ಪ್ರಕ್ರಿಯೆಯ ಕಾನೂನಾದ ಬಿಎನ್‌ಎಸ್‌ಎಸ್ 58ನೇ ಕಲಂ. ಭಾನುವಾರದ ನೆಪ ನಡೆಯದು, ರಜೆಯಿದ್ದರೆ ಮ್ಯಾಜಿಸ್ಟ್ರೇಟರ ಮನೆಗೇ ಕರೆದೊಯ್ದು ಹಾಜರುಪಡಿಸುತ್ತಾರೆ. ಕೆಡುವುದು ಎಲ್ಲಿ ಅಂದರೆ, ನಿನ್ನೆ ಸಂಜೆ ಹಿಡಿದವನನ್ನು ಇವತ್ತು ಮಧ್ಯಾಹ್ನ ಹಿಡಿದಂತೆ ಅರೆಸ್ಟ್ ಮೆಮೊದಲ್ಲಿ (ಬಂಧನದ ದಾಖಲೆ ಪತ್ರ) ಬರೆದುಬಿಟ್ಟರೆ ಆಮೇಲೆ ನಿಮ್ಮ ಬಾಯಿಮಾತಿಗೆ ಬೆಲೆಯಿರುವುದಿಲ್ಲ.

ಅದಕ್ಕೇ ಈಗಲೇ 112ಕ್ಕೆ ಫೋನ್ ಮಾಡಿ. ನಂತರ ಇನ್‌ಸ್ಪೆಕ್ಟರ್, ಡಿಸಿಪಿ ಇಬ್ಬರಿಗೂ ಇಮೇಲ್ ಹಾಕಿ. ಇಷ್ಟು ಬರೆದರೆ ಸಾಕು: "ನಿನ್ನೆ ಸಂಜೆ 6.40ಕ್ಕೆ ಇಂಥ ಶೆಡ್‌ನಿಂದ ಇಂಥವನನ್ನು ಕರೆದೊಯ್ದಿದ್ದೀರಿ. ಬಂಧಿಸಿದ್ದರೆ ಕಾರಣ ಬರೆದು ಕೊಡಿ, ಇಲ್ಲವಾದರೆ ಬಿಡಿ. ಆ ಹೊತ್ತಿನಿಂದ ಠಾಣೆಯ ಸಿಸಿಟಿವಿ ದೃಶ್ಯ ಉಳಿಸಿಡಿ." ಮೆಮೊಗೆ ಸಾಕ್ಷಿಯಾಗಿ ಮನೆಯವರ ಸಹಿ ಕೇಳಿದಾಗ ಹೊತ್ತು ತಪ್ಪಿದ್ದರೆ, ಸಹಿಯ ಪಕ್ಕದಲ್ಲೇ ಸರಿಯಾದ ಹೊತ್ತು ಬರೆಯಲಿ. ಖಾಲಿ ಹಾಳೆಗೆ ಮಾತ್ರ ಸಹಿ ಬೇಡವೇ ಬೇಡ.

ಜಾತಿ ಅನುಮಾನಕ್ಕೆ ಆಧಾರವಲ್ಲ. ವಾರಂಟಿಲ್ಲದೆ ಬಂಧಿಸಲು, ಬಿಎನ್‌ಎಸ್‌ಎಸ್‌ನ 35ನೇ ಕಲಮಿನಂತೆ, ಅವನು ಏನು ಮಾಡಿದನೆಂಬುದಕ್ಕೆ ನಂಬುವಂಥ ಮಾಹಿತಿ ಬೇಕು. ಏಳು ವರ್ಷದವರೆಗಿನ ಶಿಕ್ಷೆಯ ಅಪರಾಧವಾದರೆ ಬಂಧನ ಏಕೆ ಬೇಕಾಯಿತೆಂದೂ ದಾಖಲಿಸಬೇಕು, ಇಲ್ಲವಾದರೆ ನೋಟಿಸ್ ಕೊಟ್ಟು ಕರೆಸಬೇಕು. ಸಾಮಾನ್ಯ ಕಳ್ಳತನ ಇದರೊಳಗೇ ಬರುತ್ತದೆ. ವಿಮುಕ್ತ ಬುಡಕಟ್ಟುಗಳವರನ್ನು, ಅಂದರೆ ಬ್ರಿಟಿಷರು ಹುಟ್ಟು ಅಪರಾಧಿಗಳೆಂದು ಪಟ್ಟಿ ಮಾಡಿದ್ದ ಸಮುದಾಯಗಳವರನ್ನು, ಮನಬಂದಂತೆ ಬಂಧಿಸಕೂಡದೆಂದು ಸುಕನ್ಯಾ ಶಾಂತಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2024ರ ಅಕ್ಟೋಬರ್‌ನಲ್ಲಿ ಪೊಲೀಸರಿಗೇ ಹೇಳಿದೆ. ಅವನ ಸಮುದಾಯ ಇವುಗಳಲ್ಲಿ ಒಂದಾಗಿದ್ದರೆ ಇಮೇಲ್‌ನಲ್ಲಿ ಈ ತೀರ್ಪಿನ ಹೆಸರು ಹಾಕಿ. ಬಂಧನದ ಕಾರಣ ತಿಳಿಸದಿದ್ದರೆ ಬಂಧನವೇ ಅಕ್ರಮ ಎಂಬುದು ವಿಹಾನ್ ಕುಮಾರ್ ಪ್ರಕರಣದ 2025ರ ತೀರ್ಪು.

ಅವನಿಗೆ 18 ತುಂಬಿಲ್ಲವಾದರೆ ಲಾಕಪ್ಪಿನಲ್ಲಿ ಇಡುವಂತೆಯೇ ಇಲ್ಲ, ಬಾಲನ್ಯಾಯ ಮಂಡಳಿಯ ಮುಂದೆ ಹಾಜರುಪಡಿಸಬೇಕು. ಆಧಾರ್ ಜೊತೆಗೆ ಶಾಲೆಯ ದಾಖಲೆಯನ್ನೂ ಹುಡುಕಿಡಿ.

ವಕೀಲರಿಗೆ ದುಡ್ಡಿಲ್ಲವೆಂದು ಹಿಂಜರಿಯಬೇಡಿ. ಕಸ್ಟಡಿಯಲ್ಲಿರುವವರಿಗೆ ಆದಾಯ ನೋಡದೆ ಉಚಿತ ವಕೀಲರನ್ನು ಕೊಡಬೇಕು. ಕಾನೂನು ನೆರವಿನ ಸಹಾಯವಾಣಿ 15100ಕ್ಕೆ ಫೋನ್ ಮಾಡಿ, ಅಥವಾ ಬೆಂಗಳೂರಿನ ಸಿದ್ದಯ್ಯ ರಸ್ತೆಯಲ್ಲಿ ಕಾನೂನು ಸೇವಾ ಪ್ರಾಧಿಕಾರದ ಕಚೇರಿಯಿರುವ ನ್ಯಾಯ ದೇಗುಲಕ್ಕೆ ಹೋಗಿ. 24 ಗಂಟೆ ದಾಟಿತೋ, ಹೈಕೋರ್ಟಿನಲ್ಲಿ ಹೇಬಿಯಸ್ ಕಾರ್ಪಸ್ ಅರ್ಜಿ (ಅಕ್ರಮವಾಗಿ ಹಿಡಿದಿಟ್ಟವನನ್ನು ಕೋರ್ಟಿಗೆ ಹಾಜರುಪಡಿಸಿ ಎಂಬ ಅರ್ಜಿ) ಹಾಕಿಸಿ. ತಡಮಾಡಬೇಡಿ: ಅಷ್ಟರಲ್ಲಿ ಮ್ಯಾಜಿಸ್ಟ್ರೇಟ್ ಅವನನ್ನು ಕಸ್ಟಡಿಯಲ್ಲೇ ಇಡುವ ರಿಮ್ಯಾಂಡ್ ಆದೇಶ ಕೊಟ್ಟುಬಿಟ್ಟರೆ ಆ ದಾರಿ ಬಹುಮಟ್ಟಿಗೆ ಮುಚ್ಚಿಹೋಗುತ್ತದೆ, ಆಮೇಲೆ ಜಾಮೀನಿಗೇ ಓಡಾಡಬೇಕು. ಹೊಡೆದಿದ್ದರೆ ರಿಮ್ಯಾಂಡ್ ಹೊತ್ತಿನಲ್ಲೇ ಅವನು ಮ್ಯಾಜಿಸ್ಟ್ರೇಟರಿಗೆ ಗಾಯ ತೋರಿಸಿ ವೈದ್ಯಕೀಯ ಪರೀಕ್ಷೆ ಕೇಳಲಿ.