ನೆಟ್ ಇಲ್ದಿದ್ರೂ ಸರ್ಕ್ಯೂಟ್ ಪಾಠ

ಪ್ರಶ್ನೆ: ಹೈಸ್ಕೂಲಲ್ಲಿ ವಿಜ್ಞಾನ ಹೇಳ್ಕೊಡ್ತೀನಿ ಸರ್, ಲ್ಯಾಬಲ್ಲಿ ಸಾಮಾನು ಸಾಲ್ದು, ನೆಟ್ಟೂ ಸರಿಯಾಗಿ ಬರಲ್ಲ. ಫ್ರೀಯಾಗಿ ಆನ್‌ಲೈನಲ್ಲಿ ಏನಾದ್ರೂ ಸಿಗುತ್ತಾ?

ಉತ್ತರ: ಖಂಡಿತ ಸಿಗುತ್ತೆ ಮೇಡಂ, ಫೆಟ್ (PhET) ಅಂತ ಹುಡುಕಿ, ವಿಜ್ಞಾನದ ಪ್ರಯೋಗಗಳನ್ನ ಸ್ಕ್ರೀನ್ ಮೇಲೇ ಮಾಡಿ ನೋಡೋ ಸಿಮ್ಯುಲೇಷನ್‌ಗಳ ಫ್ರೀ ವೆಬ್‌ಸೈಟ್ ಅದು, ಭೌತವಿಜ್ಞಾನಿ ಕಾರ್ಲ್ ವೀಮನ್ 2002ರಲ್ಲಿ ಅಮೆರಿಕದ ಕೊಲೊರಾಡೊ ಯೂನಿವರ್ಸಿಟಿಲಿ ಶುರುಮಾಡಿದ್ದು, ಕೆಲವು ಸಿಮ್ಯುಲೇಷನ್ ಕನ್ನಡದಲ್ಲೂ ಇವೆ. ನೆಟ್ ಇರೋ ಕಡೆ ಡೌನ್‌ಲೋಡ್ ಮಾಡಿ ಪೆನ್‌ಡ್ರೈವಿಗೆ ಹಾಕ್ಕೊಳಿ, ಕ್ಲಾಸಲ್ಲಿ ನೆಟ್ ಬೇಡ್ವೇ ಬೇಡ. ಮೊದ್ಲು ಅದರಲ್ಲಿರೋ ಸರ್ಕ್ಯೂಟ್ ಕಿಟ್ ಸಿಮ್ಯುಲೇಷನ್ ತೋರ್ಸಿ, ಸ್ಕ್ರೀನ್ ಮೇಲೆ ಬ್ಯಾಟರಿ ವೈರು ಬಲ್ಬು ಎಳೆದು ಜೋಡಿಸಿದ್ರೆ ಎಲೆಕ್ಟ್ರಾನ್‌ಗಳು ಸಾಲಾಗಿ ಹರಿಯೋದು ಕಾಣುತ್ತೆ, ಇನ್ನೊಂದು ಬ್ಯಾಟರಿ ಸೇರಿಸಿದ್ರೆ ಓಟ ಜೋರಾಗುತ್ತೆ, ಬಲ್ಬು ತೆಗೆದು ಬರೀ ವೈರು ಕೊಟ್ರೆ ಸ್ಕ್ರೀನಲ್ಲಿ ಬ್ಯಾಟರಿಗೆ ಬೆಂಕಿ ಹತ್ಕೊಳ್ಳುತ್ತೆ, ಆಗ ಶಾರ್ಟ್ ಸರ್ಕ್ಯೂಟ್ ಅಂದ್ರೇನು ಅಂತ ಬಿಡಿಸಿ ಹೇಳ್ಬೇಕಾಗೇ ಇಲ್ಲ. ಆದ್ರೂ ಒಂದು ನಿಜವಾದ ಬಲ್ಬು, ಶೆಲ್ಲು ಮಕ್ಕಳ ಕೈಗೆ ಕೊಡ್ಲೇಬೇಕು, ಅದನ್ನ ಬಿಡ್ಬೇಡಿ. ಪಠ್ಯಪುಸ್ತಕದಲ್ಲಿ ಕ್ಯೂಆರ್ ಕೋಡ್ ಇದ್ರೆ ಸರ್ಕಾರದ ಕಲಿಕೆ ಆಪ್ ಆದ ದೀಕ್ಷಾದಲ್ಲಿ ಸ್ಕ್ಯಾನ್ ಮಾಡಿ ನೋಡಿ.